‘ಇಳಿದ ಸಮಯ’ ಖಾಲಿ: ಬೋರ್ನ್ ಏರ್‌ಫೀಲ್ಡ್ ಸುತ್ತ ಬಿದ್ದ ವಿಮಾನಗಳನ್ನು ಹುಡುಕಿದ ನನ್ನ ಅನುಭವ

ಇದೆಲ್ಲ ಶುರುವಾಗಿದ್ದು ನಮ್ಮ ಮಾವನಿಂದ. ಕೋಲಾರದವರು, ಮಗಳ ಮನೆಗೆ ಅಂತ ಇಂಗ್ಲೆಂಡಿಗೆ ಬಂದಿದ್ದರು. ನಾವಿರುವುದು ಕೇಂಬ್ರಿಡ್ಜ್ ಪಕ್ಕದ ಕೇಂಬೋರ್ನ್‌ನಲ್ಲಿ. ಬೆಳಗ್ಗೆ ವಾಕಿಂಗ್ ಮುಗಿಸಿ ಬಂದವರೇ, "ಅಳಿಯಂದ್ರೇ, ಆ ಬೇಲಿ ಆಚೆ ಅಷ್ಟು ಅಗಲದ ಕಾಂಕ್ರೀಟ್ ರೋಡು ಐತಲ್ಲ, ಒಂದು ಗಾಡೀನೂ ಓಡಾಡಲ್ಲ, ಏನದು?" ಅಂದರು. ಐದು ವರ್ಷದಿಂದ ಅದರ ಪಕ್ಕದಲ್ಲೇ ಕಾರು ಓಡಿಸಿಕೊಂಡು ಆಫೀಸಿಗೆ ಹೋಗುತ್ತಿದ್ದ ನನಗೆ ಉತ್ತರ ಗೊತ್ತಿರಲಿಲ್ಲ. "ಹಳೇ ಏರ್‌ಪೋರ್ಟು ಮಾವ, ಯುದ್ಧದ ಕಾಲದ್ದು" ಅಂತ ತೇಲಿಸಿಬಿಟ್ಟೆ. ಅವರು ಬಿಡಲಿಲ್ಲ. "ಇಲ್ಲಿಂದ ಹೋದವರು ಎಷ್ಟು ಜನ ವಾಪಸ್ ಬಂದ್ರು?"

ಆ ಪ್ರಶ್ನೆ ಹಿಡಿದುಕೊಂಡು ಮೂರು ವರ್ಷ ಕಳೆದೆ. ನಾನು ಇತಿಹಾಸಕಾರ ಅಲ್ಲ, ಸಾಫ್ಟ್‌ವೇರ್ ಕೆಲಸದವನು. ಹೇಗೆ ಹುಡುಕಿದೆ, ಎಲ್ಲಿ ಎಡವಿದೆ ಅಂತ ಬರೆಯುತ್ತಿದ್ದೇನೆ. ನಿಮ್ಮ ಮನೆ ಹತ್ತಿರವೂ ಇಂಥ ರನ್‌ವೇ ಇದ್ದರೆ ಉಪಯೋಗಕ್ಕೆ ಬರಬಹುದು.

ಮೊದಲನೇ ಎಡವಟ್ಟು ಹೇಳಿಬಿಡುತ್ತೇನೆ. ಆ ರನ್‌ವೇ ಇರುವ ಏರ್‌ಫೀಲ್ಡಿನ ಹೆಸರು ಬೋರ್ನ್. ಲಿಂಕನ್‌ಶೈರ್‌ನಲ್ಲಿ ಇನ್ನೊಂದು ಬೋರ್ನ್ ಇದೆ, ಅದರ ಸ್ಪೆಲ್ಲಿಂಗ್‌ನಲ್ಲಿ ಕೊನೆಗೆ ಒಂದು 'ಇ' ಜಾಸ್ತಿ, ಅಷ್ಟೇ. ಆ ಒಂದು ಅಕ್ಷರ ನನ್ನ ಎರಡು ವಾರ ತಿಂದಿತು. ಅಲ್ಲಿನ ಚರ್ಚು, ಅಲ್ಲಿನ ಹೊಲ, ಅಲ್ಲಿನ ಹಳೇ ಮ್ಯಾಪು ಎಲ್ಲಾ ಜಾಲಾಡಿ ಆಮೇಲೆ ತಲೆ ಚಚ್ಚಿಕೊಂಡೆ. ನಮ್ಮಲ್ಲೂ ಹಾಗೇ ಅಲ್ವಾ, ಹೊಸಹಳ್ಳಿ ಅಂದರೆ ಯಾವ ಹೊಸಹಳ್ಳಿ ಅಂತ ಮೊದಲು ಕೇಳಬೇಕು.

ನಮ್ಮ ಬೋರ್ನ್ ಏರ್‌ಫೀಲ್ಡ್ 1941ರಲ್ಲಿ ಶುರುವಾಗಿದ್ದು. 1943ರ ಏಪ್ರಿಲ್‌ನಲ್ಲಿ ಇಲ್ಲಿಗೆ ಬ್ರಿಟಿಷ್ ವಾಯುಪಡೆಯ 97ನೇ ಸ್ಕ್ವಾಡ್ರನ್, ಅಂದರೆ ವಿಮಾನಗಳ ತುಕಡಿ, ಬಂತು. ಲ್ಯಾಂಕಾಸ್ಟರ್ ಬಾಂಬರ್‌ಗಳು, ನಾಲ್ಕು ಇಂಜಿನ್, ಏಳು ಜನ. ಇವರು ಪಾತ್‌ಫೈಂಡರ್‌ಗಳು, ಅಂದರೆ ಎಲ್ಲರಿಗಿಂತ ಮುಂದೆ ಹೋಗಿ ಗುರಿಯ ಮೇಲೆ ಬಣ್ಣದ ಬೆಳಕು ಬೀಳಿಸಿ ಹಿಂದೆ ಬರುವವರಿಗೆ ದಾರಿ ತೋರಿಸುವವರು. ಇಂಥ ಕೆಲಸಕ್ಕೆ ಸಾಮಾನ್ಯವಾಗಿ ಅನುಭವಸ್ಥರನ್ನೇ ಆರಿಸುತ್ತಿದ್ದರು.

ಸ್ಕ್ವಾಡ್ರನ್ ನಂಬರ್ ಸಿಕ್ಕರೆ ಅರ್ಧ ಕೆಲಸ ಆದ ಹಾಗೆ. ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ 'ಏರ್ 27' ಅನ್ನುವ ಸರಣಿ ಇದೆ. ಪ್ರತಿ ಸ್ಕ್ವಾಡ್ರನ್ನಿನ ದಿನಚರಿ ಅದು, ಆನ್‌ಲೈನಲ್ಲೂ ಸಿಗುತ್ತದೆ. ಅದರಲ್ಲಿ ಎರಡು ಬಗೆ. ಫಾರ್ಮ್ 540ರಲ್ಲಿ ಆ ದಿನ ಏನಾಯಿತು ಅನ್ನುವ ಸಾರಾಂಶ. ಫಾರ್ಮ್ 541ರಲ್ಲಿ ಒಂದೊಂದು ವಿಮಾನಕ್ಕೂ ಒಂದೊಂದು ನಮೂದು: ವಿಮಾನದ ನಂಬರ್, ಏಳು ಜನರ ಹೆಸರು, ಹೊರಟ ಸಮಯ, ಇಳಿದ ಸಮಯ. ನನ್ನ ಮಟ್ಟಿಗೆ 541 ಬಂಗಾರ. ಟೈಪ್‌ರೈಟರ್ ಅಕ್ಷರ, ಅಲ್ಲಲ್ಲಿ ಮಸುಕು. ಹೆಸರು ಓದುತ್ತಾ ಓದುತ್ತಾ ಇಳಿದ ಸಮಯ ಇರಬೇಕಾದ ಕಡೆ ಸಮಯವೇ ಇಲ್ಲದ ಸಾಲು ಬಂದರೆ ಸುಮ್ನೆ ಎದ್ದು ಹೋಗಿ ಕಾಫಿ ಮಾಡಿಕೊಂಡು ಬರುತ್ತಿದ್ದೆ.

ಹಾಗೆ ಓದುವಾಗ ಸಿಕ್ಕಿದ್ದು 1943ರ ಡಿಸೆಂಬರ್ 16. ಗುರುವಾರ. ಇದನ್ನು 'ಕಪ್ಪು ಗುರುವಾರ' ಅಂತಲೇ ಕರೆಯುತ್ತಾರೆ.

ಆ ರಾತ್ರಿ ಇಂಗ್ಲೆಂಡಿನ ಬೇರೆ ಬೇರೆ ಏರ್‌ಫೀಲ್ಡ್‌ಗಳಿಂದ 483 ಲ್ಯಾಂಕಾಸ್ಟರ್, 15 ಮೊಸ್ಕಿಟೋ ವಿಮಾನಗಳು ಬರ್ಲಿನ್‌ಗೆ ಹೋದವು. ಶತ್ರುವಿನ ಕಡೆ ಕಳೆದುಕೊಂಡಿದ್ದು 25 ಲ್ಯಾಂಕಾಸ್ಟರ್. ಲೆಕ್ಕ ಹಾಕಿದರೆ ನೂರಕ್ಕೆ ಐದು. ಎಷ್ಟೋ ಕಡೆ ಈ ದಾಳಿಯ ನಷ್ಟ ಅಂತ ಇಷ್ಟೇ ಬರೆದಿರುತ್ತದೆ. ಆದರೆ ಬರ್ಲಿನ್ ದಾಟಿ, ಸಮುದ್ರ ದಾಟಿ, ಮನೆ ಹತ್ತಿರ ಬಂದವರಿಗೆ ಕೆಳಗೆ ನೆಲವೇ ಕಾಣಲಿಲ್ಲ. ದಟ್ಟ ಮಂಜು. ಇನ್ನೂ 29 ಲ್ಯಾಂಕಾಸ್ಟರ್‌ಗಳು ಇಂಗ್ಲೆಂಡಿನಲ್ಲೇ ಬಿದ್ದವು, ಇಲ್ಲವೇ ಅದರಲ್ಲಿದ್ದವರು ಪ್ಯಾರಾಶೂಟ್ ಕಟ್ಟಿಕೊಂಡು ಹಾರಿದ ಮೇಲೆ ಎಲ್ಲೋ ಹೋಗಿ ಅಪ್ಪಳಿಸಿದವು. ಸುಮಾರು 148 ಜನ ಸತ್ತರು. ಎಲ್ಲಕ್ಕಿಂತ ಜಾಸ್ತಿ ಏಟು ತಿಂದಿದ್ದು ನಮ್ಮ ಬೋರ್ನ್‌ನ 97ನೇ ಸ್ಕ್ವಾಡ್ರನ್: ಮಂಜಿನಲ್ಲೇ ಏಳು ವಿಮಾನ.

ಅಂದರೆ ಜರ್ಮನ್ನರು ಉರುಳಿಸಿದ್ದಕ್ಕಿಂತ ಹೆಚ್ಚು ವಿಮಾನಗಳನ್ನು ಆ ರಾತ್ರಿ ಇಂಗ್ಲೆಂಡಿನ ಮಂಜೇ ಉರುಳಿಸಿತು. ಇದು ಗೊತ್ತಾದ ದಿನದಿಂದ ನನ್ನ ಹುಡುಕಾಟದ ದಿಕ್ಕೇ ಬದಲಾಯಿತು. ದೂರದಲ್ಲಿ ಬಿದ್ದವರಿಗೆ ಪಟ್ಟಿ ಇದೆ. ಬಾಗಿಲಿಗೆ ಬಂದು ಬಿದ್ದವರನ್ನು ಬೇರೆ ಬೇರೆ ದಾಖಲೆಗಳಿಂದ ಹೆಕ್ಕಬೇಕು.

ಯಾಕೆ ಇಳಿಯಲಾಗಲಿಲ್ಲ ಅಂತ ಅರ್ಥವಾಗಲು ನನಗೆ ಟೈಮ್ ಹಿಡಿಯಿತು. ಸಂಜೆ ನಾಲ್ಕೂವರೆ ಹೊತ್ತಿಗೆ ಹೊರಟವರು, ನಡುರಾತ್ರಿ ಹೊತ್ತಿಗೆ ವಾಪಸ್. ಏಳು ಗಂಟೆಗೂ ಹೆಚ್ಚು ಹಾರಿದ ಮೇಲೆ ಪೆಟ್ರೋಲ್ ತಳ ಕಂಡಿರುತ್ತದೆ. ಅವರ ಎತ್ತರ ತೋರಿಸುವ ಮೀಟರ್ ಕೆಲಸ ಮಾಡುವುದು ಗಾಳಿಯ ಒತ್ತಡದ ಮೇಲೆ. ಒತ್ತಡ ಬದಲಾದರೆ, ಅದನ್ನು ಸರಿಮಾಡಿಕೊಳ್ಳದಿದ್ದರೆ, ಮೀಟರ್ ಮುನ್ನೂರು ಅಡಿ ಅನ್ನುವಾಗ ಚಕ್ರ ಮರದ ತುದಿಯಲ್ಲಿರಬಹುದು. ಜೊತೆಗೆ ಏರ್‌ಫೀಲ್ಡ್‌ಗಳು ಒಂದಕ್ಕೊಂದು ಅಂಟಿಕೊಂಡ ಹಾಗಿದ್ದವು. ಬೋರ್ನ್, ಗ್ರಾನ್ಸ್‌ಡನ್ ಲಾಡ್ಜ್, ಗ್ರೇವ್ಲಿ, ಓಕಿಂಗ್ಟನ್, ವೈಟನ್ ಎಲ್ಲಾ ಈಗ ನಾನು ಕಾರಿನಲ್ಲಿ ಅರ್ಧ ಗಂಟೆಯೊಳಗೆ ತಲುಪುವ ಜಾಗಗಳು. ಅಷ್ಟರಲ್ಲಿ ಹತ್ತಾರು ವಿಮಾನ ಕತ್ತಲಲ್ಲಿ, ಮಂಜಿನಲ್ಲಿ, ಸರದಿಗೆ ಕಾಯುತ್ತಾ ಸುತ್ತುತ್ತಿದ್ದವು ಅಂದರೆ ಊಹಿಸಿಕೊಳ್ಳಿ.

ಗ್ರೇವ್ಲಿಯಲ್ಲಿ ಮಾತ್ರ ಒಂದು ವಿಚಿತ್ರ ಏರ್ಪಾಟಿತ್ತು, ಹೆಸರು ಫೈಡೋ. ರನ್‌ವೇಯ ಎರಡೂ ಕಡೆ ತೂತು ಕೊರೆದ ಪೈಪು ಎಳೆದು, ಅದರಲ್ಲಿ ಪೆಟ್ರೋಲ್ ಹರಿಸಿ ಬೆಂಕಿ ಹಚ್ಚುವುದು. ಆ ಬಿಸಿಗೆ ಮಂಜು ಕರಗಿ ಮೇಲೇಳುತ್ತದೆ. ನಂಬಲಿಕ್ಕಾಗಲ್ಲ, ಆದರೆ ನಿಜ. ಗಂಟೆಗೆ ಹತ್ತಾರು ಸಾವಿರ ಗ್ಯಾಲನ್ ಪೆಟ್ರೋಲ್ ಸುಡುತ್ತಿತ್ತು. ಇದನ್ನು ನಿಜವಾದ ಕಾರ್ಯಾಚರಣೆಗೆ ಮೊದಲು ಬಳಸಿದ್ದೇ ಗ್ರೇವ್ಲಿಯಲ್ಲಿ, ಅದೂ ಈ ಗುರುವಾರಕ್ಕೆ ಒಂದು ತಿಂಗಳೂ ಮೊದಲಲ್ಲ, 1943ರ ನವೆಂಬರ್ 19ರ ರಾತ್ರಿ. ಆ ಬೆಂಕಿ ಸಾಲಿನ ನಡುವೆ ಇಳಿಯುವುದಕ್ಕೂ ಎದೆ ಬೇಕು, ಕಣ್ಣು ಕುಕ್ಕುತ್ತದೆ, ಬಿಸಿ ಗಾಳಿಗೆ ವಿಮಾನ ಎಗರುತ್ತದೆ.

ನಮ್ಮ 97ನೇ ಸ್ಕ್ವಾಡ್ರನ್ನಿನ ಪೈಲಟ್, ಸ್ಕ್ವಾಡ್ರನ್ ಲೀಡರ್ ಅರ್ನೆಸ್ಟ್ ಡೆವೆರಿಲ್ ಆ ಕಪ್ಪು ಗುರುವಾರದ ರಾತ್ರಿ ತೀರಿಹೋಗಿದ್ದು ಅದೇ ಗ್ರೇವ್ಲಿಯಲ್ಲಿ. 1942ರ ಏಪ್ರಿಲ್ 17ರಂದು ಹಗಲು ಹೊತ್ತಲ್ಲೇ ತೀರಾ ಕೆಳಗೆ ಹಾರಿ ಆಗ್ಸ್‌ಬರ್ಗ್ ಮೇಲೆ ದಾಳಿ ಮಾಡಿದ 12 ಲ್ಯಾಂಕಾಸ್ಟರ್‌ಗಳಲ್ಲಿ ಏಳು ವಾಪಸ್ ಬರಲಿಲ್ಲ. ಬಂದ ಐದರಲ್ಲಿ ಒಂದು ಇವರದ್ದು. ಅಂಥದ್ದರಿಂದ ಬದುಕಿ ಬಂದ ಪೈಲಟ್, ಮನೆಯಿಂದ ಹತ್ತು ಮೈಲಿಯೊಳಗೆ ಮಂಜಿನಲ್ಲಿ ಹೋದರು. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಈಗ ಗೋರಿ ಹುಡುಕುವ ವಿಷಯ. ನಾನು ತುಂಬಾ ಪೆಟ್ಟು ತಿಂದಿದ್ದು ಇಲ್ಲೇ.

ಯುದ್ಧದಲ್ಲಿ ಸತ್ತವರ ಗೋರಿಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ವೆಬ್‌ಸೈಟಿನಲ್ಲಿ ಹೆಸರು ಹಾಕಿ ಹುಡುಕಬಹುದು. ನಾನು ಜಾಣ ಅಂದುಕೊಂಡು ತಾರೀಖು ಡಿಸೆಂಬರ್ 16 ಅಂತ ಹಾಕಿದೆ. ಅರ್ಧಕ್ಕರ್ಧ ಹೆಸರೇ ಬರಲಿಲ್ಲ. ಆಮೇಲೆ ಹೊಳೆಯಿತು: ದಾಳಿ 16ರದ್ದು, ಆದರೆ ವಿಮಾನ ಬಿದ್ದಿದ್ದು ಹನ್ನೆರಡು ಹೊಡೆದ ಮೇಲೆ ಆದರೆ ಕಲ್ಲಿನ ಮೇಲೆ 17 ಅಂತ ಇರುತ್ತದೆ. ಹಾಗಾಗಿ ಯಾವಾಗಲೂ ಎರಡೂ ದಿನ ಹಾಕಿ ನೋಡಿ.

ಎರಡನೇ ತಪ್ಪು ಇನ್ನೂ ದೊಡ್ಡದು. ಒಟ್ಟಿಗೆ ಸತ್ತವರು ಒಟ್ಟಿಗೇ ಮಲಗಿರುತ್ತಾರೆ ಅಂದುಕೊಂಡಿದ್ದೆ. ಜರ್ಮನಿಯಲ್ಲಿ ಬಿದ್ದವರ ವಿಷಯದಲ್ಲಿ ಹೆಚ್ಚಾಗಿ ಅದು ಸರಿ, ಒಂದೇ ಸಾಲಿನಲ್ಲಿ ಏಳು ಕಲ್ಲು ಇರುತ್ತವೆ. ಇಲ್ಲಿ ಹಾಗಲ್ಲ. ಇಂಗ್ಲೆಂಡಿನ ನೆಲದಲ್ಲಿ ಸತ್ತರೆ ಮನೆಯವರು ಪೆಟ್ಟಿಗೆಯನ್ನು ಊರಿಗೆ ತರಿಸಿಕೊಳ್ಳಬಹುದಿತ್ತು. ಹಾಗಾಗಿ ಒಬ್ಬ ಯಾರ್ಕ್‌ಶೈರ್‌ನಲ್ಲಿ, ಒಬ್ಬ ಲಂಡನ್ನಿನಲ್ಲಿ, ಒಬ್ಬ ಸ್ಕಾಟ್ಲೆಂಡಿನಲ್ಲಿ. ಡೆವೆರಿಲ್ ಇರುವುದು ನಾರ್ಫೋಕ್‌ನ ಡಾಕಿಂಗ್ ಅನ್ನುವ ಹಳ್ಳಿಯ ಚರ್ಚಿನ ಅಂಗಳದಲ್ಲಿ. ಕೇಂಬ್ರಿಡ್ಜ್ ಸ್ಮಶಾನದಲ್ಲಿ ಉಳಿದುಕೊಂಡವರಲ್ಲಿ ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಿಂದ ಬಂದವರು ತುಂಬಾ ಜನ, ಅವರ ಪೆಟ್ಟಿಗೆ ಸಮುದ್ರ ದಾಟಿ ಹೋಗುವಂತಿರಲಿಲ್ಲ. ಮಾವನನ್ನು ಒಂದು ಭಾನುವಾರ ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಒಂದೊಂದು ಕಲ್ಲಿನ ಮುಂದೂ ನಿಂತು ವಯಸ್ಸು ಮಾತ್ರ ಓದುತ್ತಾ ಹೋದರು. ಇಪ್ಪತ್ತು. ಇಪ್ಪತ್ತೆರಡು. ಹತ್ತೊಂಬತ್ತು.

ಬಿದ್ದ ಜಾಗ ಹುಡುಕಲು ನನಗೆ ನೆರವಾಗಿದ್ದು ಮೂರು. ಲಂಡನ್ನಿನ ಹೆಂಡನ್‌ನಲ್ಲಿರುವ ಆರ್‌ಎಎಫ್ (ಬ್ರಿಟಿಷ್ ವಾಯುಪಡೆ) ಮ್ಯೂಸಿಯಂನಲ್ಲಿ 'ಫಾರ್ಮ್ 1180' ಅನ್ನುವ ಅಪಘಾತದ ಕಾರ್ಡ್‌ಗಳಿವೆ, ಚಿಕ್ಕ ಕಾರ್ಡಿನಲ್ಲಿ ಗೀಚಿದ ನಾಲ್ಕು ಸಾಲು. ಶತ್ರು ಹೊಡೆದು ಬೀಳಿಸಿದ್ದಕ್ಕೆ ಸಾಮಾನ್ಯವಾಗಿ ಕಾರ್ಡ್ ಇಲ್ಲ, ಅಪಘಾತಕ್ಕೆ ಮಾತ್ರ. ಆಮೇಲೆ ಲಿಂಕನ್‌ನ ಇಂಟರ್‌ನ್ಯಾಷನಲ್ ಬಾಂಬರ್ ಕಮಾಂಡ್ ಸೆಂಟರ್ ಇಟ್ಟಿರುವ ಉಚಿತ ಡೇಟಾಬೇಸ್. ಮೂರನೆಯದು ಸ್ಕಾಟ್ಲೆಂಡಿನ ನ್ಯಾಷನಲ್ ಲೈಬ್ರರಿಯ ಹಳೇ ಮ್ಯಾಪುಗಳು. ಕಾರ್ಡಿನಲ್ಲಿ ಬರೆದ ತೋಟದ ಹೆಸರು ಇವತ್ತಿನ ಗೂಗಲ್ ಮ್ಯಾಪಿನಲ್ಲಿ ಸಿಗದಿದ್ದರೆ ಅಲ್ಲಿ ನೋಡಿ.

ಜಾಗ ಸಿಕ್ಕಿತು ಅಂತ ಸಲಿಕೆ ಹಿಡಿದು ಹೋಗಬೇಡಿ. ಬ್ರಿಟನ್ನಿನಲ್ಲಿ 1986ರ ಕಾನೂನೊಂದಿದೆ: ಸೇನೆಯ ವಿಮಾನ ಬಿದ್ದ ಜಾಗ ತಾನಾಗಿಯೇ ರಕ್ಷಿತ, ರಕ್ಷಣಾ ಇಲಾಖೆಯ ಲೈಸೆನ್ಸ್ ಇಲ್ಲದೆ ಅಗೆದರೆ ಅಪರಾಧ. ಒಂದು ಸಲ ಹೊಲದ ಅಂಚಿನ ಕಾಲುದಾರಿಯಲ್ಲಿ ನನ್ನ ಮಗ ಬಗ್ಗಿದ ಅಲ್ಯೂಮಿನಿಯಂ ಚೂರೊಂದನ್ನು ಎತ್ತಿಕೊಂಡು "ಅಪ್ಪಾ, ಲ್ಯಾಂಕಾಸ್ಟರ್!" ಅಂತ ಕೂಗಿದ. ಬೈದು ಅಲ್ಲೇ ಇಡಿಸಿದೆ. ದೂರದಿಂದ ನೋಡುತ್ತಿದ್ದ ರೈತ ಹತ್ತಿರ ಬಂದು, ಅದು ತನ್ನ ಟ್ರ್ಯಾಕ್ಟರಿನ ನಂಬರ್ ಪ್ಲೇಟಿನ ತುಂಡು ಅಂದ.

ಮಾವ ಊರಿಗೆ ಹೋದ ಮೇಲೆ ನನ್ನ ಎಕ್ಸೆಲ್ ಶೀಟ್ ಬೆಳೆಯುತ್ತಲೇ ಹೋಯಿತು. ಬ್ರಿಟಿಷ್ ವಾಯುಪಡೆಯ ಬಾಂಬರ್ ವಿಭಾಗವಾದ ಬಾಂಬರ್ ಕಮಾಂಡಿನಲ್ಲಿ ಸತ್ತ 55,573 ಜನರಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಜನ ತರಬೇತಿ ಮತ್ತು ಅಪಘಾತಗಳಲ್ಲೇ ಹೋದರು. ಅದನ್ನು ಓದಿದ ಮೇಲೆ ತರಬೇತಿ ಘಟಕಗಳ ಫೈಲುಗಳನ್ನೂ ತಿರುವಲು ಶುರು ಮಾಡಿದೆ. ಒಂದು ರಾತ್ರಿ ಪಟ್ಟಿ ಇಳಿಸುತ್ತಾ ಹೋಗುವಾಗ ಕಣ್ಣಿಗೆ ಬಿದ್ದ ಊರಿನ ಹೆಸರು: ಕೋಲಾರ. ಮತ್ತೆ ಸ್ಪೆಲ್ಲಿಂಗ್ ತಪ್ಪಿರಬೇಕು ಅಂದುಕೊಂಡೆ. ತಪ್ಪಿರಲಿಲ್ಲ. 1673ನೇ ಹೆವಿ ಕನ್ವರ್ಷನ್ ಯೂನಿಟ್ ಅಂತ ಲಿಬರೇಟರ್ ಬಾಂಬರ್ ಕಲಿಸುವ ಶಾಲೆ ಕೋಲಾರದಲ್ಲಿತ್ತು. 1944ರ ನವೆಂಬರ್ 8ರಂದು 358ನೇ ಸ್ಕ್ವಾಡ್ರನ್ ಹುಟ್ಟಿದ್ದೂ ಅಲ್ಲೇ. ಆಮೇಲೆ ಅದು ಬಂಗಾಳಕ್ಕೆ ಹೋಗಿ, ಅಲ್ಲಿಂದ ಬರ್ಮಾ ಕಡೆಗೆ ಗುಪ್ತಚರರನ್ನೂ ಸಾಮಾನನ್ನೂ ಇಳಿಸುವ ಕೆಲಸ ಮಾಡಿತು.

ಮಾವನಿಗೆ ಫೋನ್ ಮಾಡಿ ಹೇಳಿದೆ. ಆ ಕಡೆಯಿಂದ ಒಂದು ನಿಮಿಷ ಮಾತೇ ಇಲ್ಲ. ಆಮೇಲೆ, "ನಮ್ಮಪ್ಪ ಹೇಳ್ತಿದ್ರು, ಚಿಕ್ಕವರಿದ್ದಾಗ ರಾತ್ರಿ ಹೊತ್ತು ಮನೆ ಮೇಲೆ ದೊಡ್ಡ ದೊಡ್ಡ ವಿಮಾನ ಹೋಗ್ತಿತ್ತು, ಹೆಂಚು ಅದುರ್ತಿತ್ತು ಅಂತ. ನಾವು ಸುಮ್ನೆ ಕತೆ ಅಂದ್ಕೊಂಡಿದ್ವಿ" ಅಂದರು.

ದಕ್ಷಿಣ ಭಾರತದ ಹಲವು ಊರುಗಳಲ್ಲಿದ್ದ ಯುದ್ಧಕಾಲದ ಗೋರಿಗಳನ್ನು ಆಮೇಲೆ ಚೆನ್ನೈನ ನಂದಂಬಾಕ್ಕಂನಲ್ಲಿರುವ ಮದ್ರಾಸ್ ವಾರ್ ಸೆಮೆಟರಿಗೆ ತಂದು ಸೇರಿಸಿದ್ದಾರೆ. ಹಾಗಾಗಿ ಕೋಲಾರದ ಸುತ್ತ ಹುಡುಕುವವರು ಅಲ್ಲಿಂದ ಶುರು ಮಾಡಬೇಕು. ಡಿಸೆಂಬರ್ ರಜೆಗೆ ಟಿಕೆಟ್ ಆಗಿದೆ. ಮಾವ ಕೋಲಾರದಿಂದ ಚೆನ್ನೈಗೆ ತಮ್ಮ ಕಾರಿನಲ್ಲೇ ಹೋಗೋಣ ಅಂದಿದ್ದಾರೆ. ಇಲ್ಲಿ ಬೋರ್ನ್‌ನಲ್ಲಿ ಆ ಹಳೇ ರನ್‌ವೇ ಜಾಗದಲ್ಲಿ ಸುಮಾರು 3,500 ಮನೆ ಕಟ್ಟುವ ಯೋಜನೆ ಇದೆ. ಕಾಂಕ್ರೀಟ್ ಇನ್ನೂ ಇರುವಾಗಲೇ ಫೋಟೋ ತೆಗೆದಿಟ್ಟುಕೊಂಡಿದ್ದೇನೆ, ಮಾವ ಬೇಲಿ ಪಕ್ಕ ನಿಂತಿರುವುದೂ ಒಂದು ಅದರಲ್ಲಿದೆ.