ಆಪರೇಷನ್ ಮಾಡಿದರೆ ಫಿಟ್ಸ್ ನಿಲ್ಲುತ್ತಾ?

ಆ ತಾಯಿಯ ಸೆರಗಿನ ತುದಿಯಲ್ಲಿ ಒಂದು ಕಬ್ಬಿಣದ ಬೀಗದ ಕೈ ಗಂಟು ಹಾಕಿತ್ತು. ಮಗಳಿಗೆ ಫಿಟ್ಸ್ ಬಂದಾಗಲೆಲ್ಲ ಅದನ್ನು ಅಂಗೈಗೆ ಒತ್ತುತ್ತಿದ್ದರಂತೆ. ಹತ್ತು ವರ್ಷ ಹಾಗೇ ಕಳೆದಿತ್ತು. ಮೂರು ಬಗೆಯ ಮಾತ್ರೆ ಬದಲಾಗಿದ್ದವು. ಸರಿಯಾದ ಎರಡು ಔಷಧಿಗಳಿಗೂ ಫಿಟ್ಸ್ ಬಗ್ಗದಿದ್ದರೆ, ಮೆದುಳಿನಲ್ಲಿ ಅದು ಹುಟ್ಟುವ ಭಾಗವನ್ನು ತೆಗೆಯುವ ಸರ್ಜರಿಯ ಬಗ್ಗೆ ಯೋಚಿಸಲೇಬೇಕು. ಮೂರ್ಛೆರೋಗ ಇರುವ ಮೂವರಲ್ಲಿ ಸುಮಾರು ಒಬ್ಬರ ಸ್ಥಿತಿ ಇದು.

ನಾನು ರೇಡಿಯಾಲಜಿಸ್ಟ್. ‘ನಿಲ್ಲುತ್ತಾ ಡಾಕ್ಟ್ರೇ?’ ಅನ್ನುವ ಪ್ರಶ್ನೆಗೆ ಸ್ಕ್ಯಾನ್‌ನಲ್ಲಿ ಉತ್ತರ ಹುಡುಕುವುದು ನನ್ನ ಕೆಲಸ.

ಬೇರೆ ಕಡೆ ಮಾಡಿಸಿದ್ದ ಎಂಆರ್‌ಐ ರಿಪೋರ್ಟ್ ‘ನಾರ್ಮಲ್’ ಎಂದಿತ್ತು. ಸ್ಲೈಸ್‌ಗಳ ದಪ್ಪ 5 ಮಿ.ಮೀ. ಇತ್ತು. ಮೆದುಳಿನಲ್ಲಿ ಎಡಕ್ಕೊಂದು ಬಲಕ್ಕೊಂದು ಇರುವ, ನೆನಪಿಗೆ ಬೇಕಾದ ಹಿಪ್ಪೊಕ್ಯಾಂಪಸ್ ಇರುವುದೇ ಕಿರುಬೆರಳಿನಷ್ಟು, ಅಷ್ಟು ದಪ್ಪ ಕೊಯ್ದರೆ ಏನು ಕಂಡೀತು? ಹೆಚ್ಚು ಬಲದ ಕಾಂತವಿರುವ 3 ಟೆಸ್ಲಾ ಮೆಷಿನ್‌ನಲ್ಲಿ ಮತ್ತೆ ಮಾಡಿಸಿದೆ. ಟೆಕ್ನಿಷಿಯನ್ ಪಕ್ಕ ನಾನೇ ಕೂತೆ. ಹಿಪ್ಪೊಕ್ಯಾಂಪಸ್‌ನ ಉದ್ದಕ್ಕೆ ಒಂದು ಗೆರೆ ಎಳೆದು, ಅದಕ್ಕೆ ಸರಿಯಾಗಿ ಅಡ್ಡಲಾಗಿ ಸ್ಲೈಸ್ ಇಡಬೇಕು. ಸೌತೆಕಾಯಿಯನ್ನು ಓರೆಯಾಗಿ ಕೊಯ್ದರೆ ಬಿಲ್ಲೆ ದೊಡ್ಡದಾಗುತ್ತದೆ, ಅಲ್ವಾ? ಇಲ್ಲೂ ಹಾಗೇ. ತಲೆ ಸ್ವಲ್ಪ ವಾಲಿದ್ದರೂ ಎಡ–ಬಲದ ಹೋಲಿಕೆ ಕೆಡುತ್ತದೆ.

ಈ ಸಲ ಕಂಡಿತು. ಎಡಗಡೆಯದು ಸೊರಗಿತ್ತು, ಫ್ಲೇರ್ ಎಂಬ ಬಗೆಯ ಎಂಆರ್‌ಐ ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತಿತ್ತು, ಒಳಗಿನ ಪದರಗಳು ಕಲಸಿಹೋಗಿದ್ದವು. ರೋಗಿಯನ್ನೂ ಮೆದುಳಿನ ವಿದ್ಯುತ್ ಅಲೆಗಳನ್ನೂ ಒಟ್ಟಿಗೆ ದಾಖಲಿಸುವ ವಿಡಿಯೊ ಇಇಜಿ ಕೂಡ ಎಡಕ್ಕೇ ಬೊಟ್ಟು ಮಾಡಿತು. ಪೆಟ್ ಸ್ಕ್ಯಾನ್‌ನಲ್ಲಿ ಆ ಭಾಗ ಗ್ಲೂಕೋಸ್ ಕಡಿಮೆ ಹೀರುತ್ತಿತ್ತು. ಮೂರೂ ಒಂದೇ ಮಾತು ಹೇಳಿದಾಗ ನನಗೆ ಧೈರ್ಯ ಬರುತ್ತದೆ. ಹಿಪ್ಪೊಕ್ಯಾಂಪಸ್ ಇರುವ ಮೆದುಳಿನ ಪಕ್ಕದ ಭಾಗದಿಂದ ಹುಟ್ಟುವ, ಅಂದರೆ ಟೆಂಪೊರಲ್ ಲೋಬ್ ಮೂರ್ಛೆಯ 80 ರೋಗಿಗಳ ಮೇಲೆ ಕೆನಡಾದಲ್ಲಿ ನಡೆದ ಪ್ರಯೋಗದ ಫಲ 2001ರಲ್ಲಿ ಪ್ರಕಟವಾಯಿತು. ಒಂದು ವರ್ಷದ ಕೊನೆಗೆ, ಎಚ್ಚರ ತಪ್ಪಿಸುವ ಫಿಟ್ಸ್ ನಿಂತಿದ್ದು ಸರ್ಜರಿ ಗುಂಪಿನ ಶೇ. 58 ಮಂದಿಗೆ, ಔಷಧಿ ಗುಂಪಿನ ಶೇ. 8 ಮಂದಿಗೆ.

ಆದರೆ ನನ್ನೆದುರು ಕೂತ ಈ ಒಬ್ಬಳಿಗೆ? ಅದಕ್ಕೇ ಹಳೆಯ ರೋಗಿಗಳ ಸ್ಕ್ಯಾನ್‌ಗಳನ್ನು ಮೆದುಳಿನ ಭಾಗಗಳನ್ನು ಅಳೆಯುವ ಸಾಫ್ಟ್‌ವೇರ್ ಫ್ರೀಸರ್ಫರ್‌ನಲ್ಲಿ ಅಳೆದು, ಫಲಿತಾಂಶ ಊಹಿಸುವ ಪ್ರೋಗ್ರಾಂ ಒಂದನ್ನು ಕಟ್ಟಿದೆ. ಮೊದಲ ಸಲ ಅದು ಎಷ್ಟು ಸರಿಯಾಗಿ ಹೇಳಿತೆಂದರೆ ನನಗೇ ಅನುಮಾನ ಬಂತು. ಕೆದಕಿದಾಗ ತಿಳಿಯಿತು: ಗುಣವಾದವರಲ್ಲಿ ಜಾಸ್ತಿ ಜನರ ಸ್ಕ್ಯಾನ್ ಹೊಸ ಮೆಷಿನ್‌ನದು, ಉಳಿದವರದು ಹಳೆಯದರದು. ಪ್ರೋಗ್ರಾಂ ಕಲಿತದ್ದು ಮೆದುಳನ್ನಲ್ಲ, ಮೆಷಿನ್ನನ್ನು! ಒಂದು ಮೆಷಿನ್‌ನ ಸ್ಕ್ಯಾನ್‌ಗಳಿಂದ ಕಲಿಸಿ ಇನ್ನೊಂದರ ಮೇಲೆ ಪರೀಕ್ಷಿಸಿದೆ. ಜಾಣತನವೆಲ್ಲ ಇಳಿದುಹೋಯಿತು. ಹಾಗೆ ಪರೀಕ್ಷಿಸದ ಯಾವ ಪ್ರೋಗ್ರಾಂ ಅನ್ನೂ ಈಗ ನಾನು ನಂಬುವುದಿಲ್ಲ.

ಅಷ್ಟು ತಿಂಗಳ ಅಳತೆಯಿಂದ ಒಂದು ಅಭ್ಯಾಸ ಮಾತ್ರ ಉಳಿಯಿತು. ‘ಚೆನ್ನಾಗಿರುವ’ ಕಡೆಯನ್ನೂ ಅಷ್ಟೇ ಹೊತ್ತು ನೋಡುತ್ತೇನೆ. ಅಲ್ಲೂ ಸೊರಗಿದ್ದರೆ ಭರವಸೆ ಕುಗ್ಗುತ್ತದೆ. ಇವಳ ಬಲಗಡೆ ತುಂಬಿಕೊಂಡಿತ್ತು.

ತಾಯಿಗೆ ಹೇಳಿದೆ, ‘ನಿಲ್ಲುವ ಸಾಧ್ಯತೆಯೇ ಜಾಸ್ತಿ, ಆದರೆ ಗ್ಯಾರಂಟಿ ಅಲ್ಲ.’ ಅಲ್ಲಿಯವರೆಗೆ ಸುಮ್ನೆ ಕೂತಿದ್ದ ಮಗಳು ಆಗ ಬಾಯಿ ಬಿಟ್ಟಳು. ಅವಳು ಡಿ.ಎಡ್. ಓದುತ್ತಿದ್ದಳು.

‘ಸಾರ್, ಮಕ್ಕಳ ಹೆಸರು ಮರೆತುಹೋಗುತ್ತಾ?’

ಎಡಗಡೆಯ ಸರ್ಜರಿಯಲ್ಲಿ ಹೆಸರು, ಪದಗಳಂಥ ಮಾತಿನ ನೆನಪಿಗೆ ಪೆಟ್ಟು ಬೀಳಬಹುದು. ಆ ಭಾಗ ಮೊದಲೇ ಸೊರಗಿದ್ದರೆ ಕಳೆದುಕೊಳ್ಳುವುದು ಕಡಿಮೆ. ಸ್ಕ್ಯಾನ್ ತೋರಿಸಿ ಅವಳಿಗೆ ಅಷ್ಟೇ ಹೇಳಿದೆ. ಆಪರೇಷನ್ ಚೀಟಿಗೆ ಸಹಿ ಹಾಕುವ ಮುಂಚೆ ನೆನಪಿನ ಪರೀಕ್ಷೆಗೂ ಬರೆದುಕೊಟ್ಟೆವು.