ಮೂವತ್ತಕ್ಕೇ ಸವೆದ ಸೊಂಟದ ಕೀಲು: ಶಸ್ತ್ರಚಿಕಿತ್ಸೆಗೆ ಮುನ್ನ ಏನು ಮಾಡಬೇಕು?

ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಹರೆಯದವರೇ ಕೋಲೂರಿ ನಡೆಯುತ್ತಿರುವುದು 1970ರ ದಶಕದ ಮಧ್ಯದಲ್ಲಿ ಹೊರಜಗತ್ತಿಗೆ ಗೊತ್ತಾಯಿತು. ವಂಶದಲ್ಲಿ ಹರಿದುಬಂದು ಸೊಂಟದ ಕೀಲನ್ನು ಸವೆಸುವ ಆ ಕಾಯಿಲೆಗೆ ಊರಿನ ಹೆಸರೇ ಅಂಟಿತು. ಸೊಂಟ ಸವೆಯುವುದು ಮುದುಕರಿಗೆ ಮಾತ್ರ ಅಲ್ಲ. ಸ್ಟೀರಾಯ್ಡ್, ಅತಿಯಾದ ಮದ್ಯ, ಹಳೆಯ ಮುರಿತ, ಹುಟ್ಟಿನಿಂದಲೇ ಆಳವಿಲ್ಲದ ಕೀಲುಬಟ್ಟಲು (ತೊಡೆಮೂಳೆಯ ಚೆಂಡು ಕೂರುವ ಗುಳಿ), ಇವೂ ಕಾರಣ.

ಮೊದಲು ನೋವಿನ ಜಾಗ ಗುರುತಿಸಿ. ಈ ಕೀಲಿನ ನೋವು ಸಾಮಾನ್ಯವಾಗಿ ತೊಡೆಸಂದಿನಲ್ಲಿರುತ್ತದೆ. ಕೆಲವರಿಗೆ ಮಂಡಿಯಲ್ಲಷ್ಟೇ ಕಾಣಿಸಿ ದಾರಿ ತಪ್ಪಿಸುತ್ತದೆ. ಎಕ್ಸ್‌ರೇ ಸರಿಯಿದ್ದರೂ ನೋವು ಬಿಡದಿದ್ದರೆ ಎಂಆರ್‌ಐ ಬೇಕೇ ಎಂದು ಕೇಳಿ. ರಕ್ತ ಸಾಗದೆ ಮೂಳೆ ಸಾಯುತ್ತಿರುವುದು ಅದರಲ್ಲಿ ಬೇಗ ಕಾಣುತ್ತದೆ.

ಆಮೇಲಿನ ಪ್ರಶ್ನೆ: ಸ್ವಂತ ಕೀಲು ಉಳಿಯುತ್ತದೆಯೇ? ತೊಡೆಮೂಳೆಯ ಚೆಂಡು ಕುಸಿದಿಲ್ಲವಾದರೆ ಮೂಳೆಗೆ ರಂಧ್ರ ಕೊರೆದು ಒತ್ತಡ ಇಳಿಸಬಹುದು. ಬಟ್ಟಲು ಆಳವಿಲ್ಲದಿದ್ದರೆ ಅದನ್ನು ಕತ್ತರಿಸಿ ತಿರುಗಿಸಿ ಕೂರಿಸುವ ವಿಧಾನವಿದೆ. ಸ್ವಿಟ್ಜರ್‌ಲೆಂಡಿನ ಬರ್ನ್ ನಗರದಲ್ಲಿ 1980ರ ದಶಕದಲ್ಲಿ ರೂಪುಗೊಂಡಿದ್ದು. ಆದರೆ ಕೀಲಿನೊಳಗೆ ಮೂಳೆಗೆ ಹೊದಿಕೆಯಾಗಿರುವ ನುಣುಪು ಪದರ, ಅಂದರೆ ಮೃದ್ವಸ್ಥಿ, ಪೂರ್ತಿ ಸವೆದಿದ್ದರೆ ಇವೆರಡರಿಂದಲೂ ಪ್ರಯೋಜನವಿಲ್ಲ. ತಡಮಾಡಿದವರು ಕಳೆದುಕೊಳ್ಳುವುದು ಈ ಅವಕಾಶವನ್ನೇ.

ಸವೆತ ಮುಂದುವರಿದಿದ್ದರೆ ಪೂರ್ಣ ಕೀಲುಬದಲಿಯೇ ಹೆಚ್ಚಿನವರಿಗೆ ದಾರಿ. ಸರ್ಜನ್ ಜಾನ್ ಚಾರ್ನ್ಲಿ 1960ರ ದಶಕದ ಆರಂಭದಲ್ಲಿ ಇಂಗ್ಲೆಂಡಿನಲ್ಲಿ ಗಟ್ಟಿಗೊಳಿಸಿದ ಚಿಕಿತ್ಸೆ ಇದು. ಎಳೆಯರಿಗೆ ಸಾಮಾನ್ಯವಾಗಿ ಸಿಮೆಂಟ್ ಇಲ್ಲದ, ಮೂಳೆಯೇ ಬೆಳೆದು ಹಿಡಿದುಕೊಳ್ಳುವ ಕೀಲು ಹಾಕುತ್ತಾರೆ. ಚೆಂಡು ಸೆರಾಮಿಕ್, ಬಟ್ಟಲಿನ ಒಳಪದರ ಸೆರಾಮಿಕ್ ಅಥವಾ ಗಟ್ಟಿ ಪಾಲಿಥೀನ್. ಬದಲಿಸಿದ ಸೊಂಟಗಳಲ್ಲಿ 100ಕ್ಕೆ ಸುಮಾರು 58 ಮಾತ್ರ 25 ವರ್ಷ ಬಾಳುತ್ತವೆ ಎಂಬುದು ಎಲ್ಲ ವಯಸ್ಸಿನವರನ್ನೂ ಸೇರಿಸಿದ ಅಂದಾಜು. ಹೆಚ್ಚು ಓಡಾಡುವ ಎಳೆಯರಿಗೆ ಮರುಶಸ್ತ್ರಚಿಕಿತ್ಸೆಯ ಸಾಧ್ಯತೆ ಹೆಚ್ಚು. ಹಾಗೆಂದು ಮೂವತ್ತರ ಮಗಳನ್ನು ‘ಅರವತ್ತಾಗಲಿ’ ಎಂದು ನೋವಿನಲ್ಲೇ ಕೂರಿಸುವುದು ನನಗೆ ಒಪ್ಪಿಗೆಯಿಲ್ಲ. ದುಡಿಯುವ, ಮಕ್ಕಳನ್ನು ಎತ್ತಿ ಆಡಿಸುವ ವರ್ಷಗಳು ಮರಳಿ ಬರುವುದಿಲ್ಲ.

ಚೆಂಡಿಗೆ ಲೋಹದ ಟೊಪ್ಪಿ ಹಾಕುವ ‘ರೀಸರ್ಫೇಸಿಂಗ್’ ಬಗ್ಗೆ ಯಾರಾದರೂ ಹೇಳಿದರೆ ಎರಡು ಬಾರಿ ಯೋಚಿಸಿ. ಲೋಹ-ಲೋಹ ಉಜ್ಜಿ ಕೋಬಾಲ್ಟ್, ಕ್ರೋಮಿಯಂ ರಕ್ತಕ್ಕೆ ಸೇರುತ್ತವೆ. ಇಂಥ ಲೋಹ-ಲೋಹದ ‘ಎಎಸ್‌ಆರ್’ ಕೀಲುಗಳನ್ನು ಡೆಪ್ಯೂ ಕಂಪನಿ 2010ರಲ್ಲಿ ಜಗತ್ತಿನಾದ್ಯಂತ ವಾಪಸ್ ಪಡೆಯಿತು. ಭಾರತದ ರೋಗಿಗಳೂ ನೊಂದರು.

ಒಪ್ಪಿಗೆಗೆ ಸಹಿ ಹಾಕುವ ಮುನ್ನ ನಿಮ್ಮ ದಿನಚರಿಯನ್ನು ಸರ್ಜನ್‌ಗೆ ಬಿಡಿಸಿ ಹೇಳಿ: ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಉಣ್ಣುತ್ತೀರಾ, ಕುಕ್ಕರಗಾಲಿನ ಶೌಚಾಲಯವೇ, ಗದ್ದೆ ನಾಟಿಗೆ ಬಗ್ಗಬೇಕೇ? ಕೀಲು ಜಾರುವ ಅಪಾಯ ಇಂಥ ಭಂಗಿಗಳಲ್ಲೇ. ಹಲ್ಲಿನ ಸೋಂಕಿದ್ದರೆ ಮೊದಲು ಅದನ್ನು ವಾಸಿಮಾಡಿಸಿ. ಬಿಡುಗಡೆಯ ದಿನ ಕೀಲಿನ ಹೆಸರು, ಸಂಖ್ಯೆಯಿರುವ ಸ್ಟಿಕ್ಕರ್ ಕೇಳಿ ಪಡೆದು ಆಧಾರ್ ಕಾರ್ಡಿನ ಜೊತೆಗಿಡಿ. ಇಪ್ಪತ್ತು ವರ್ಷದ ನಂತರ ಬೇರೆ ಸರ್ಜನ್ ಮೊದಲು ಕೇಳುವುದು ಅದನ್ನೇ.