ಸಣ್ಣ ಅಲೆಗೆ ಗಿಡ್ಡ ಹಲಗೆ

ಸೊಂಟದೆತ್ತರದ, ಬಲವಿಲ್ಲದ ಅಲೆಗೆ ಉದ್ದನೆಯ ಸರ್ಫ್‌ಬೋರ್ಡ್ ಒಂದೇ ಗತಿ ಎಂದುಕೊಳ್ಳಬೇಕಿಲ್ಲ. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೊದಲ್ಲಿ ಸ್ಟೀವ್ ಲಿಸ್ 1967ರಲ್ಲಿ ಮಂಡಿಯೂರಿ ಸವಾರಿ ಮಾಡಲು ‘ಫಿಶ್’ ಎಂಬ ಗಿಡ್ಡ, ಅಗಲ ಹಲಗೆಯನ್ನು ರೂಪಿಸಿದರು. ನಿಂತು ಸವಾರಿ ಮಾಡುವವರೂ ಬೇಗನೆ ಅದಕ್ಕೆ ಒಲಿದರು. ಮಳೆಗಾಲ ಕಳೆದ ಮೇಲೆ ಮೂಲ್ಕಿಯ ಸಸಿಹಿತ್ಲು ಕಡಲಿಗೂ ಇದೇ ಬಗೆಯ ಹಲಗೆ ಹೊಂದುತ್ತದೆ.

ಇದನ್ನು ಫೋಮ್ ದಿಮ್ಮಿಯಿಂದ ನೀವೇ ಕೆತ್ತಿಕೊಳ್ಳುವುದಾದರೆ, ಮೊದಲು ಅಳತೆ. ಸುಮಾರು 70 ಕಿಲೋ ತೂಕದವರು 5 ಅಡಿ 6 ಇಂಚು ಉದ್ದ, 21 ಇಂಚು ಅಗಲ, ಎರಡೂವರೆ ಇಂಚು ದಪ್ಪದಿಂದ ಆರಂಭಿಸಬಹುದು. ತೇಲಲೆಂದು ದಪ್ಪವನ್ನೇ ಹೆಚ್ಚಿಸಬೇಡಿ. ದಪ್ಪ ಅಂಚು ತಿರುವಿನಲ್ಲಿ ನೀರಿಗೆ ಇಳಿಯುವುದಿಲ್ಲ. ಅಗಲ ಹೆಚ್ಚಿಸಿ. ಅತಿ ಅಗಲದ ಜಾಗ ನಡುವಿಗಿಂತ ತುಸು ಮುಂದಿರಲಿ, ಬಾಲದ ತುದಿಯಿಂದ ಒಂದು ಅಡಿ ಮೇಲೂ 16 ಇಂಚಿನಷ್ಟು ಅಗಲ ಉಳಿಯಲಿ.

ತೆಳು ಪ್ಲೈವುಡ್‌ನಲ್ಲಿ ಅರ್ಧ ಆಕಾರವನ್ನಷ್ಟೇ ಕತ್ತರಿಸಿ. ಫೋಮ್ ದಿಮ್ಮಿಯ ನಡುಗೆರೆಗೆ ಅದನ್ನು ಹೊಂದಿಸಿ ಗೆರೆ ಎಳೆದು, ಮಗುಚಿಟ್ಟು ಇನ್ನೊಂದು ಬದಿಯನ್ನೂ ಬರೆಯಿರಿ. ಎರಡು ಬದಿಗಳು ಸಮನಾಗುತ್ತವೆ.

ಇನ್ನು ತಳ. ಹಲಗೆಯ ಹಣೆಬರಹ ಇಲ್ಲೇ ತೀರ್ಮಾನವಾಗುತ್ತದೆ. ಹಲಗೆಯ ತುದಿಗಳು ಮೇಲಕ್ಕೆ ಬಾಗಿದಷ್ಟೂ ಅದು ನೀರನ್ನು ಮುಂದೆ ತಳ್ಳುತ್ತ ವೇಗ ಕಳೆದುಕೊಳ್ಳುತ್ತದೆ. ಬಲವಾದ ಅಲೆ ಆ ನಷ್ಟವನ್ನು ತುಂಬಿಕೊಡುತ್ತದೆ, ಸೋತ ಅಲೆಗೆ ಆ ತ್ರಾಣವಿಲ್ಲ. ಆದ್ದರಿಂದ ಮೂತಿಯ ಬಾಗು ನಾಲ್ಕು ಇಂಚಿನೊಳಗೆ, ಬಾಲದ ಬಾಗು ಎರಡು ಇಂಚಿನೊಳಗೆ ಇರಲಿ. ನಡುಭಾಗ ಬಹುತೇಕ ಸಪಾಟಾಗಿರಲಿ. ಫೋಮ್ ಹೆರೆಯುವ ಪ್ಲೇನರ್ ಕೈಗೆ ಸಿಕ್ಕರೆ ಕೆತ್ತುವ ಹುಮ್ಮಸ್ಸು ನಿಲ್ಲುವುದಿಲ್ಲ. ಆಗಾಗ ಉದ್ದನೆಯ ಪಟ್ಟಿಯಿಟ್ಟು ನೋಡಿ. ಗೋಡೆಯ ಬದಿಯಿಂದ, ಹಲಗೆಯ ಮಟ್ಟದಲ್ಲಿ ದೀಪ ಬೀಳುವಂತಿದ್ದರೆ ಉಬ್ಬುತಗ್ಗುಗಳು ನೆರಳಾಗಿ ಕಾಣುತ್ತವೆ.

ಅಂಚು ಮುಂದೆ ದುಂಡಗಿರಲಿ. ಕೊನೆಯ ಒಂದು ಅಡಿಯಲ್ಲಿ ತಳದ ಅಂಚನ್ನು ಚೂಪಾಗಿಸಿದರೆ ನೀರು ಅಂಟಿಕೊಳ್ಳದೆ ಕಳಚುತ್ತದೆ.

ಮೀನಿನ ಬಾಲದಂತೆ ಕವಲೊಡೆದ ಬಾಲದ ಎರಡೂ ಬದಿಯಲ್ಲಿ, ತಳಕ್ಕೆ, ಅಂಚಿನ ಸಮೀಪ ಒಂದೊಂದು ಉದ್ದ ಬುಡದ, ತಗ್ಗು ರೆಕ್ಕೆ (ಫಿನ್) ಸಾಕು. ಮೂರನೆಯದನ್ನು ಸೇರಿಸಿದರೆ ಹಿಡಿತ ಹೆಚ್ಚಿ ಓಟ ತಗ್ಗುತ್ತದೆ. ಸಣ್ಣ ಅಲೆಯಲ್ಲಿ ಅದು ನಷ್ಟದ ವ್ಯಾಪಾರ.

ಕೊನೆಗೆ ಫೈಬರ್‌ಗ್ಲಾಸ್ ಬಟ್ಟೆ ಹೊದಿಸಿ ರಾಳ ಹಚ್ಚಬೇಕು. ಫೋಮ್ ಥರ್ಮೋಕೋಲ್ ಜಾತಿಯದಾದರೆ ಎಪಾಕ್ಸಿ ರಾಳವನ್ನೇ ಬಳಸಿ, ಪಾಲಿಯೆಸ್ಟರ್ ರಾಳ ಅದನ್ನು ಕರಗಿಸಿಬಿಡುತ್ತದೆ. ಮುಖಗವಸು, ಕೈಗವಸು ಧರಿಸಿ ಗಾಳಿಯಾಡುವ ಕಡೆ ಕೆಲಸ ಮಾಡಿ.